ಬಿಳಿಯದನ್ನು ನೀಲಿ ಎಂದೆ

ಆ ದಿನ ನನ್ನ ಬೆರಳಿಗೆ ಸಿಕ್ಕಿದ ಮುಚ್ಚಳ ಬಿಳಿಯದು. ನಾನು ನೀಲಿ ಎಂದೆ.

ನನ್ನ ತಪ್ಪು ಇಷ್ಟೇ ಎಂದು ಬಹಳ ಕಾಲ ನಂಬಿಕೊಂಡಿದ್ದೆ — ಒಂದು ಬಣ್ಣದ ಹೆಸರು, ಒಂದು ಸುಳ್ಳು, ಅದೂ ಯಾರೂ ಕಾಣದ್ದು. ಅದಕ್ಕಿಂತ ದೊಡ್ಡದೊಂದನ್ನು ಆಮೇಲೆ ಮಾಡಿದೆ ಎನ್ನುವುದು ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು. ಅರ್ಥವಾದ ಮೇಲೂ ಬಾಯಿ ಬಿಡಲು... ಅದನ್ನೂ ಹೇಳುತ್ತೇನೆ.

ನನ್ನ ಹೆಸರು ನಾಗರತ್ನ. ಹುಟ್ಟಿದ ಊರು ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ಕಿಡ್ನಿ ಕಸಿ ಮಾಡುವ ವಿಭಾಗದಲ್ಲಿ ನರ್ಸಾಗಿ ಬಹಳ ವರ್ಷ ಇದ್ದೆ. ಮೆದುಳು ನಿಷ್ಕ್ರಿಯವಾಗಿ ಇನ್ನು ಬದುಕುವುದಿಲ್ಲ ಎಂದಾದವರ ಮನೆಯವರು ಅಂಗದಾನಕ್ಕೆ ಒಪ್ಪಿದರೆ, ನಮ್ಮ ದೊಡ್ಡ ಡಾಕ್ಟರ ಜೊತೆ ಹೋಗಿ ಕಿಡ್ನಿ ತರುವ ತಂಡದಲ್ಲಿ ನಾನೂ ಒಬ್ಬಳು. ಆ ಕೆಲಸವನ್ನು ನಾನು ಪ್ರೀತಿಸುತ್ತಿದ್ದೆ. ಇದನ್ನು ಸಮಜಾಯಿಷಿಗಾಗಿ ಹೇಳುತ್ತಿಲ್ಲ. ಪ್ರೀತಿಸುತ್ತಿದ್ದ ಕೆಲಸಕ್ಕೇ ದ್ರೋಹ ಮಾಡಿದೆ ಎಂದು ಹೇಳುತ್ತಿದ್ದೇನೆ.

ದೇಹದಿಂದ ತೆಗೆದ ಕಿಡ್ನಿಯನ್ನು ಸುಮ್ಮನೆ ಐಸಿನ ಮೇಲಿಟ್ಟು ತರಲು ಆಗುವುದಿಲ್ಲ. ಐಸು ನೇರವಾಗಿ ತಾಗಿದರೆ ಸುಡುತ್ತದೆ. ಬರೀ ಉಪ್ಪುನೀರಿನಲ್ಲಿ ಇಟ್ಟರೆ ಅದರ ಕಣಕಣವೂ ನೀರು ಕುಡಿದು ಊದಿಕೊಳ್ಳುತ್ತದೆ. ಅದಕ್ಕೆಂದೇ ಬೇರೆ ದ್ರಾವಣಗಳಿವೆ. ರಕ್ತವೆಲ್ಲ ಹೋಗುವವರೆಗೆ ತಣ್ಣನೆಯ ದ್ರಾವಣದಿಂದ ತೊಳೆದು, ಅದರಲ್ಲೇ ಮುಳುಗಿಸಿ, ಒಂದರೊಳಗೊಂದು ಚೀಲಕ್ಕೆ ಹಾಕಿ ಕಟ್ಟಿ ಆಮೇಲೆ ಐಸಿನ ಪೆಟ್ಟಿಗೆಗೆ ಇಡುತ್ತೇವೆ. ನಮ್ಮಲ್ಲಿ ಮೊದಲಿನಿಂದ ಬಳಸುತ್ತಿದ್ದದ್ದು ನೀರಿನ ಹಾಗೆ ತಿಳಿಯಾದ ದ್ರಾವಣ. ಆಮೇಲೆ ಇನ್ನೊಂದು ಬಂತು — ನಸು ಹಳದಿ, ಎಳೆಯ ಪಾಕದಷ್ಟು ಮಂದ. ಹೊಸದರಲ್ಲಿಟ್ಟ ಕಿಡ್ನಿ ಹೊಲಿಗೆ ಮುಗಿಯುವ ಮೊದಲೇ ಮೂತ್ರ ಸುರಿಸುತ್ತದೆ ಎಂದು ಕಿರಿಯ ಡಾಕ್ಟರುಗಳು ಮಾತಾಡಿಕೊಳ್ಳುತ್ತಿದ್ದರು.

ದೊಡ್ಡ ಡಾಕ್ಟರು ಮಾತು ನಂಬುವವರಲ್ಲ. ಎರಡನ್ನೂ ಹೋಲಿಸಿ ನೋಡೋಣ ಎಂದು ಆಸ್ಪತ್ರೆಯ ಸಮಿತಿಯ ಅನುಮತಿ ಪಡೆದರು. ಒಬ್ಬರೇ ದಾನಿಯ ಎರಡು ಕಿಡ್ನಿಯಲ್ಲಿ ಒಂದು ಹಳೆಯದರಲ್ಲಿ, ಒಂದು ಹೊಸದರಲ್ಲಿ. ಯಾವುದು ಯಾವುದಕ್ಕೆ ಎಂಬುದನ್ನು ಮನುಷ್ಯರು ತೀರ್ಮಾನಿಸಬಾರದು, ಅದೃಷ್ಟಕ್ಕೆ ಬಿಡಬೇಕು. ಅದಕ್ಕೊಂದು ಬಟ್ಟೆಯ ಚೀಲದಲ್ಲಿ ಇಂಜೆಕ್ಷನ್ ಬಾಟಲಿಯ ಎರಡು ಮುಚ್ಚಳ. ಬಿಳಿ ಬಂದರೆ ಎಡದ ಕಿಡ್ನಿ ಹೊಸ ದ್ರಾವಣಕ್ಕೆ, ನೀಲಿ ಬಂದರೆ ಬಲದ್ದು. ಕೈ ಹಾಕಿ ತೆಗೆಯುವವರಿಗೆ ಯಾವ ಕಿಡ್ನಿ ಯಾರಿಗೆ ಹೋಗುತ್ತದೆ ಎಂದು ಗೊತ್ತಿರಬಾರದು. ರೋಗಿಗಳಿಗೆ ಇದನ್ನೆಲ್ಲ ತಿಳಿಸಿ ಒಪ್ಪಿಗೆ ಪಡೆದಿದ್ದರು. ಯಾವುದು ಬಂದರೂ ಸರಿ ಎಂದು ಅವರು ನಮ್ಮನ್ನು ನಂಬಿ ಒಪ್ಪಿದ್ದರು.

ಆ ದಿನ ನನಗೆ ಗೊತ್ತಿತ್ತು.

ಬೆಳಿಗ್ಗೆ ಗಾಡಿಯಲ್ಲಿ ಹೋಗುವಾಗ ದೊಡ್ಡ ಡಾಕ್ಟರು ಮುಂದಿನ ಸೀಟಿನಿಂದ ಕಿರಿಯರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: ಎಡದ್ದು ಶಾಗ್ಯದ ಹೆಂಗಸಿಗೆ, ಬಲದ್ದು ಯಳಂದೂರಿನ ಬಸ್ ಡ್ರೈವರಿಗೆ. ಆ ಬಸ್ ಡ್ರೈವರು ಮಹದೇವಯ್ಯ ನನ್ನ ಅಕ್ಕನ ಗಂಡ. ಆಸ್ಪತ್ರೆಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅವರ ಸರದಿ ಬಂದ ದಿನ ತಂಡದಿಂದ ನನ್ನನ್ನು ತೆಗೆಯುತ್ತಾರೆಂದು ಅಕ್ಕನಿಗೂ ಬಾಯಿ ಬಿಡಬೇಡವೆಂದಿದ್ದೆ. ಭಾವ ಕೊಳ್ಳೇಗಾಲದಿಂದ ಹನೂರಿಗೆ, ಅಲ್ಲಿಂದ ಮಾದಪ್ಪನ ಬೆಟ್ಟಕ್ಕೆ ಬಸ್ಸು ಓಡಿಸುತ್ತಿದ್ದವರು. ನರ್ಸಿಂಗ್ ಓದಲು ನಮ್ಮ ಮನೆಯಲ್ಲಿ ಬೇಡವೆಂದಾಗ, ರಜೆ ಹಾಕಿ ಬಂದು ಅಪ್ಪನ ಎದುರು ಕೂತು, ಒಪ್ಪುವ ತನಕ ಎದ್ದಿರಲಿಲ್ಲ. ಕಾಯಿಲೆ ಬಂದ ಮೇಲೆ ಅವರ ಮುಖ ಊದಿ, ಗಿಡ್ಡ ಲೋಟದ ನೀರನ್ನು ದಿನವಿಡೀ ಗುಟುಕು ಗುಟುಕಾಗಿ ಕುಡಿಯುವುದನ್ನು ನೋಡಿದ್ದೆ.

"ನನಗೆ ಗೊತ್ತಾಗಿದೆ ಸರ್, ಬೇರೆಯವರು ತೆಗೆಯಲಿ" — ಇಷ್ಟು ಹೇಳಬೇಕಿತ್ತು. ಹೇಳಲಿಲ್ಲ. ದಾರಿಯುದ್ದಕ್ಕೂ ಆ ಮಾತು ನಾಲಿಗೆಯ ಮೇಲೇ ಇತ್ತು.

ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ ಎರಡು ಕೈಯೂ ಎರಡು ಕಣ್ಣೂ ಪಕ್ಕದ ಮೇಜಿನ ಬೋಗುಣಿಯಲ್ಲಿದ್ದವು. ತಿರುಗದೆಯೇ ಕೇಳಿದರು.

"ಸಿಸ್ಟರ್, ಯಾವುದು ಬಂತು?"

ಅಂಗೈ ಬಿಡಿಸಿದೆ. ಬಿಳಿ. ಮತ್ತೆ ಮುಚ್ಚಿಕೊಂಡೆ.

"ನೀಲಿ, ಸರ್."

"ಬಲದ್ದು ಹೊಸದಕ್ಕೆ," ಎಂದರು ಅವರು. ಅಷ್ಟೇ. ಯಾರೂ ನನ್ನತ್ತ ನೋಡಲಿಲ್ಲ. ಮುಚ್ಚಳವನ್ನು ಚೀಲಕ್ಕೆ ಹಾಕಿದೆ. ಕೈ ನಡುಗಲಿಲ್ಲ — ನಡುಗಿದ್ದರೆ ಈಗ ಹೇಳಿಕೊಳ್ಳಲು ಒಂದಿಷ್ಟು ಮರ್ಯಾದೆಯಾದರೂ ಉಳಿಯುತ್ತಿತ್ತು.

ಭಾವನಿಗೆ ಮೊದಲು ಆಪರೇಷನ್ ಆಯಿತು. ರಕ್ತ ಹರಿದದ್ದೇ ತಡ, ಕಿಡ್ನಿ ತಿಳಿಗುಲಾಬಿಯಾಗಿ ಅರಳಿ ಮೂತ್ರ ಚಿಮ್ಮಿಸಿತು. ಶಾಗ್ಯದ ಪುಟ್ಟತಾಯಮ್ಮನವರದು ಆಮೇಲೆ. ಅವರ ಕಿಡ್ನಿ ಐಸಿನಲ್ಲಿ ಇನ್ನೂ ಹೆಚ್ಚು ಹೊತ್ತು ಕಾಯಬೇಕಾಯಿತು. ಒಳಗೆ ಹೊಲಿದ ಮೇಲೆ ಬಣ್ಣವೇನೋ ಬಂತು, ಆದರೆ ಮೂತ್ರ ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ.

ಇಂಥದನ್ನು ನಾವು ಕಿಡ್ನಿ ನಿದ್ದೆ ಮಾಡುತ್ತಿದೆ ಎನ್ನುತ್ತೇವೆ. ತಣ್ಣಗಿದ್ದು ಬಂದ ಕಿಡ್ನಿಗಳಲ್ಲಿ ಕೆಲವು ಹಾಗೆ ಮಲಗುತ್ತವೆ. ಬಹಳಷ್ಟು ಎಚ್ಚರವಾಗುತ್ತವೆ, ಕೆಲವು ಆಗುವುದಿಲ್ಲ. ಅಷ್ಟರವರೆಗೆ ಡಯಾಲಿಸಿಸ್ ಮುಂದುವರಿಸಬೇಕು. ಪುಟ್ಟತಾಯಮ್ಮನವರ ಗಂಡ ರೇಷ್ಮೆ ಸಾಕುವವರು. ಅವರು ಹೆಂಡತಿಯ ಕೈ ಹಿಡಿದುಕೊಂಡು, "ಮೊಟ್ಟೇನ ತಂಪಲ್ಲಿ ಮಡಗಿದ್ರೆ ಉಳ ತಡವಾಗಿ ಏಳ್ತದಲ್ವ, ಅಂಗೆ ಅನ್ಕೊ," ಎಂದು ಸಮಾಧಾನ ಮಾಡುತ್ತಿದ್ದರು. ಆಕೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಪಕ್ಕದ ಕೋಣೆಯಿಂದ ಭಾವನ ನಗು ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಆಕೆ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ಸಿಸ್ಟ್ರಮ್ಮ, ಇದು ಕಿಡ್ನಿ ತಪ್ಪಲ್ಲ ಕಣವ್ವ. ನಮ್ ವಾರಗಿತ್ತಿ ಮಾತು ಇದು."

ಹಿತ್ತಲ ಗೋಡೆಯ ವಿಷಯಕ್ಕೆ ಮೈದುನನ ಹೆಂಡತಿ ಚಿಕ್ಕಮಾದಮ್ಮನಿಗೂ ಇವರಿಗೂ ಹಿಂದೆ ಜಗಳವಾಗಿತ್ತು. ಒಂದೇ ಮನೆಯನ್ನು ಪಾಲು ಮಾಡಿಕೊಂಡು ಎರಡು ಬಾಗಿಲಿಟ್ಟಿದ್ದವರು. ಆ ಸಿಟ್ಟಿನಲ್ಲಿ ಚಿಕ್ಕಮಾದಮ್ಮ ಹೇಳಿದ್ದಳಂತೆ — ನಿನ್ ಒಟ್ಟೇಲಿ ಏನೂ ದಕ್ಕದೆ ಓಗ್ಲಿ. ಆಗಿನಿಂದ ಮಾತಿಲ್ಲ. "ದಕ್ತಾ ಇಲ್ವಲ್ಲವ್ವ, ನೋಡು," ಎಂದು ಪುಟ್ಟತಾಯಮ್ಮ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡರು. "ಸತ್ತೋನು ಪುಣ್ಯಾತ್ಮ. ಅವನ ದಾನವ ನಾನು ಕೆಡುಸ್ಬುಟ್ಟೆ."

ಆಗ ಹೇಳಬಹುದಿತ್ತು. ಆ ಮಾತು ಮುಗಿದ ಮೇಲೆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಲ್ಲಮ್ಮ, ನಿಮ್ಮ ವಾರಗಿತ್ತಿಯ ಬಾಯಲ್ಲ, ನನ್ನ ಬಾಯಿ ಎಂದು... ನಾನು ಡ್ರಿಪ್ಪಿನ ಹನಿಯ ವೇಗ ಸರಿಮಾಡಿ, "ಯೋಚನೆ ಮಾಡಬೇಡಿ, ಸರಿಹೋಗತ್ತೆ," ಎಂದು ಹೊರಗೆ ಬಂದೆ.

ಕೆಲವು ದಿನಗಳಲ್ಲಿ ಆಕೆಯ ಗಂಡ ಚಿಕ್ಕಮಾದಮ್ಮನನ್ನು ಕರೆದುಕೊಂಡು ಬಂದರು. ಸಣ್ಣ ಮೈಯ ಹೆಂಗಸು, ಬಸ್ಸಿನ ಧೂಳು ಮುಖದ ಮೇಲೆ ಹಾಗೇ ಇತ್ತು. ಪುಟ್ಟತಾಯಮ್ಮ ಕೊಳವೆಗಳ ಸಮೇತ ಹಾಸಿಗೆಯಿಂದ ಬಗ್ಗಿ ಅವಳ ಪಾದ ಮುಟ್ಟಲು ನೋಡಿದರು. "ನಿನ್ ಮಾತ ವಾಪಸ್ ತಕೊ ಚಿಕ್ಕವ್ವ. ಗೋಡೆ ಬೀಳಿಸ್ಕೊ, ಇತ್ಲು ನೀನೇ ಇಟ್ಕೊ. ಮಾತ ಮಾತ್ರ ವಾಪಸ್ ತಕೊ." ಅವಳು ಬಿಳಿಚಿಕೊಂಡು, "ತಕಂಡಿವ್ನಿ ಕಣಕ್ಕ, ತಕಂಡಿವ್ನಿ," ಎಂದು ಪುಟ್ಟತಾಯಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. ಇಬ್ಬರೂ ಅತ್ತರು. ನಾನು ಅಲ್ಲೇ ಇದ್ದೆ. ಟ್ರೇ ಹಿಡಿದು ನಿಂತಿದ್ದೆ. ಮಾಡದ ತಪ್ಪಿಗೆ ಒಬ್ಬಳು ಕ್ಷಮೆ ಕೇಳುವುದನ್ನೂ, ಅಷ್ಟೇನೂ ಮಾಡದ ತಪ್ಪಿಗೆ ಇನ್ನೊಬ್ಬಳು ಕುಸಿಯುವುದನ್ನೂ, ಮಾಡಿದವಳು ನಿಂತು ನೋಡಿದೆ.

ಅದಾಗಿ ಸ್ವಲ್ಪ ದಿನಕ್ಕೆ ಕಿಡ್ನಿ ಎಚ್ಚೆತ್ತಿತು. ಮೊದಲು ಚೂರು, ಆಮೇಲೆ ಚೀಲ ತುಂಬುವಷ್ಟು. ವಾರ್ಡಿನವರೆಲ್ಲ ನಕ್ಕರು. ಶಾಗ್ಯದಲ್ಲಿ ಚಿಕ್ಕಮಾದಮ್ಮ ಮಾತು ವಾಪಸ್ ತೆಗೆದುಕೊಂಡದ್ದರಿಂದಲೇ ಪುಟ್ಟತಾಯಮ್ಮ ಉಳಿದಳು ಎಂದು ಹೇಳಿಕೊಂಡರಂತೆ. ನನಗೂ ಆ ಕಥೆ ಅನುಕೂಲವೇ ಆಯಿತು. ಎಲ್ಲ ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ.

ಒಳ್ಳೆಯದು ಆದದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ. ಒಂದೇ ದಿನ ಒಬ್ಬನದೇ ಕಿಡ್ನಿ ಪಡೆದವರು ನಾವು ಎಂದು ಭಾವನಿಗೂ ಪುಟ್ಟತಾಯಮ್ಮನಿಗೂ ವಾರ್ಡಿನಲ್ಲೇ ಗೊತ್ತಾಗಿತ್ತು. "ಅಂಗಾದ್ರೆ ನಾವು ಒಡುಟ್ದೋರು," ಎಂದರು ಭಾವ. ಅದು ತಮಾಷೆಯಾಗಿ ಉಳಿಯಲಿಲ್ಲ. ತಪಾಸಣೆಗೆ ಇಬ್ಬರೂ ಮಾತಾಡಿಕೊಂಡು ಒಂದೇ ದಿನ ಮೈಸೂರಿಗೆ ಬರತೊಡಗಿದರು; ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರಿಗೊಬ್ಬರು ಕಾಯುತ್ತಿದ್ದರು. ಗೌರಿ ಹಬ್ಬಕ್ಕೆ ಭಾವ ಶಾಗ್ಯಕ್ಕೆ ಬಾಗಿನ ಹೊತ್ತು ಹೋಗುತ್ತಾರೆ, ತವರಿನ ಅಣ್ಣ ಹೋಗುವ ಹಾಗೆ. ಡಿಪೋದಲ್ಲಿ ಅವರಿಗೆ ಹಗುರ ಕೆಲಸ ಕೊಟ್ಟಿದ್ದಾರೆ. ಸ್ಟೀರಿಂಗ್ ಹಿಡಿಯಲಾಗದ ಬೇಸರ ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದಾರೆ. ಊರಿಗೆ ಹೋದ ಮೇಲೆ, ನಾನು ಭಾವನ ನಾದಿನಿ ಎಂದು ತಿಳಿದಾಗಿನಿಂದ ಪುಟ್ಟತಾಯಮ್ಮ ನನಗೆ ನಾಗಕ್ಕ ಎನ್ನುತ್ತಾರೆ. ಅವರ ಮಗಳ ಮದುವೆಯಲ್ಲಿ ಅಕ್ಕ, ಭಾವ, ನಾನು ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದೇವೆ. ಅವರು ಬಡಿಸುತ್ತಾ ಬಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಾಗ ಮಾತ್ರ —

ತಿಂದೆ. ಏನು ಮಾಡಲಿ, ತಿಂದೆ.

ವರ್ಷಗಳು ಹೋದವು. ಒಂದು ದಿನ ದೊಡ್ಡ ಡಾಕ್ಟರು ಕಾಫಿ ಕುಡಿಯುತ್ತಾ, ಹೋಲಿಕೆ ಮುಗಿಯಿತು ಎಂದರು. ತಾವು ನೋಡಿದಷ್ಟರಲ್ಲಿ ಎರಡು ದ್ರಾವಣಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಕಿಡ್ನಿ ಐಸಿನಲ್ಲಿ ಎಷ್ಟು ಹೊತ್ತು ಕಾಯಬೇಕಾಯಿತು ಎಂಬುದೇ ಹೆಚ್ಚು ಮುಖ್ಯ ಅನಿಸುತ್ತಿದೆ ಎಂದರು. "ಒಂದೆರಡು ಜೋಡಿ ಮಾತ್ರ ಹೊಸದರ ಪರವಾಗಿ ಬಹಳ ಗಟ್ಟಿಯಾಗಿ ನಿಂತಿವೆ. ಆ ಶಾಗ್ಯದ ಅಮ್ಮ, ಯಳಂದೂರಿನ ಡ್ರೈವರು — ನೆನಪಿದೆಯಾ?"

ಲೋಟ ಕೆಳಗಿಟ್ಟೆ. ಆ ಕ್ಷಣ ನನಗೆ ಹಗುರವಾಯಿತು, ನಿಜ. ದ್ರಾವಣದಿಂದ ಆದದ್ದಲ್ಲ, ನನ್ನಿಂದ ಆದದ್ದಲ್ಲ, ಕಾದ ಹೊತ್ತಿನಿಂದ ಆದದ್ದು... ಅಷ್ಟರಲ್ಲೇ ಇನ್ನೊಂದು ಹೊಳೆಯಿತು. ನಾನು ಸುಳ್ಳು ಹೇಳಿ ಕೂಡಿಸಿದ ಜೋಡಿಯೂ ಅವರ ತಕ್ಕಡಿಯಲ್ಲಿ ಕೂತಿದೆ. ನಾಳೆ ಬೇರೆ ಊರಿನ ಡಾಕ್ಟರು ಇದನ್ನು ಓದಿ, ಇನ್ನಾರದೋ ಕಿಡ್ನಿಯನ್ನು ಯಾವುದರಲ್ಲಿ ಇಡಲಿ ಎಂದು ಯೋಚಿಸುವಾಗ, ನನ್ನ ನೀಲಿಯೂ ಅಲ್ಲಿ ಮಾತಾಡುತ್ತದೆ. ಪುಟ್ಟತಾಯಮ್ಮನ ಕಿಡ್ನಿ ಮಲಗಿದ್ದು ಯಾವುದರಿಂದ ಎಂದು ಖಚಿತವಾಗಿ ಹೇಳಲು ಈಗ ಯಾರಿಂದಲೂ ಆಗುವುದಿಲ್ಲ. ಹಾಗೆ ಆಗದಂತೆ ಮಾಡಿದವಳೂ ನಾನೇ.

ಅಲ್ಲೇ ಹೇಳಿದೆ. ಬಿಳಿ ಬಂದಿತ್ತು ಸರ್, ಅವರು ನನ್ನ ಭಾವ, ಯಾರಿಗೆ ಯಾವುದು ಎಂದು ನನಗೆ ಗೊತ್ತಿತ್ತು.

ಅವರು ಕಾಫಿ ಲೋಟವನ್ನು ದೂರ ಸರಿಸಿದರು. ಬೈಯಲಿಲ್ಲ. "ಆ ಜೋಡಿಯನ್ನ ತೆಗೀತೀನಿ. ಸಮಿತಿಗೆ ತಿಳಿಸಲೇಬೇಕು," ಎಂದರು. ಆಮೇಲೆ, "ಆ ಮೇಜಿನ ಹತ್ತಿರ ನೀವು ಇನ್ನು ನಿಲ್ಲೋದು ಬೇಡ ಸಿಸ್ಟರ್," ಎಂದರು. ಬಾಗಿಲ ತನಕ ಹೋದವರು ತಿರುಗಿ ನಿಂತರು. "ಆ ಅಮ್ಮನಿಗೆ ನೀವೇ ಹೇಳಿ. ನೀವು ಹೇಳದೆ ಇದ್ದರೆ ನಾನು ಹೇಳಬೇಕಾಗತ್ತೆ."

ಮೊದಲು ಯಳಂದೂರಿಗೆ ಹೋದೆ. ಅಕ್ಕ ಕೇಳಿ ಬಾಯಿಗೆ ಸೆರಗಿಟ್ಟುಕೊಂಡಳು. ಭಾವ ಜಗುಲಿಯ ಮೇಲೆ ಕೂತಿದ್ದರು. ನನಗಾಗಿ ಅಪ್ಪನ ಎದುರು ಕೂತಿದ್ದಾಗಲೂ ಅವರ ಮುಖ ಅಷ್ಟು ಗಟ್ಟಿಯಾಗಿರಲಿಲ್ಲ.

"ನನ್ನ ಒಂದ್ ಮಾತು ಕೇಳುದ್ಯಾ ನೀನು?" ಎಂದರು. "ತಂಗಿ ಪಾಲ ನಂಗೆ ಉಣ್ಣಿಸ್ಬುಟ್ಟಲ್ಲ ನಾಗು."

ಮರುದಿನ ಶಾಗ್ಯಕ್ಕೆ ತಾವೂ ಬರುವುದಾಗಿ ಹೇಳಿದರು. ಬೇಡ ಭಾವ, ನಾನೊಬ್ಬಳೇ ಹೋಗಬೇಕು ಎಂದೆ.

ಶಾಗ್ಯದಲ್ಲಿ ಪುಟ್ಟತಾಯಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಬಾ ನಾಗಕ್ಕ ಎಂದು ಮಣೆ ತಳ್ಳಿದರು. ಕೂತರೆ ಹೇಳಲಾಗುವುದಿಲ್ಲವೆಂದು ನಿಂತೇ ಹೇಳಿದೆ. ಮುಚ್ಚಳ, ಬಣ್ಣ, ಎರಡು ದ್ರಾವಣ, ಭಾವ — ಎಲ್ಲವನ್ನೂ. ಅವರು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಇದ್ದ ಸೊಪ್ಪು ಮುಗಿಯಿತು. ಕತ್ತಿಯನ್ನು ಪಕ್ಕಕ್ಕಿಟ್ಟರು.

"ಭಾವುನಿಗೆ ಅಂತ ಮಾಡ್ದೆ. ನಾನಿದ್ರೂ ಅದ್ನೇ ಮಾಡ್ತಿದ್ನೇನೋ, ಕಾಣೆ," ಎಂದರು. "ಅದಕ್ಕೆ ನಂಗೆ ಸಿಟ್ಟಿಲ್ಲ."

ನನ್ನ ಮುಖ ನೋಡದೆ ಕೇಳಿದರು.

"ನಾನು ಅವಳ ಕಾಲು ಇಡ್ಕಂಡಾಗ ನೀನು ಅಲ್ಲೇ ಇದ್ದೆ ಅಲ್ವ?"

"ಇದ್ದೆ."

"ಊಂ," ಎಂದರು. ಅವರ ಕಣ್ಣಲ್ಲಿ ನೀರಿರಲಿಲ್ಲ. ಏನೋ ಲೆಕ್ಕ ತಪ್ಪಿದವರ ಹಾಗೆ ಅಂಗಳವನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದ್ದು ನನಗೆ ಗೊತ್ತಿಲ್ಲದ ಮಾತು. "ಆವತ್ತಿಂದ ಅವಳು ಯಾರ್ಗೂ ಒಂದು ಬಿರುಸು ಮಾತಾಡಿಲ್ಲ ಕಣಕ್ಕ. ನನ್ ಬಾಯಿ ಕೆಟ್ಟದ್ದು ಅಂತಾಳೆ. ಬಾಣಂತಿ ಮನೆಗೆ ಓಗಲ್ಲ. ನನ್ ಮೊಮ್ಮಗ ಉಟ್ದಾಗ ಬಾಗ್ಲಲ್ಲೇ ನಿಂತು ನೋಡ್ಕಂಡು ಓದ್ಲು, ಎತ್ಕಳ್ನಿಲ್ಲ. ಏನಾದ್ರೂ ಅಂದ್ಬುಟ್ಟೇನು ಅಂತ ಭಯ ಅವಳ್ಗೆ." ಎದ್ದು ಸೀರೆ ಕೊಡವಿಕೊಂಡರು. "ನಂಗೆ ಏಳ್ದೆ, ಸರಿ. ಓಗು, ಅವಳಿಗೂ ಏಳು."

ಮದುವೆಯ ಪಂಕ್ತಿಯಲ್ಲಿ ಚಿಕ್ಕಮಾದಮ್ಮನನ್ನು ನೋಡಿದ್ದೆ. ಒಂದು ಮೂಲೆಯಲ್ಲಿ ಎಲೆ ಒರೆಸುತ್ತಾ ಸುಮ್ಮನಿದ್ದಳು. ಮೌನದ ಹೆಂಗಸು, ಒಳ್ಳೆಯವಳು ಎಂದುಕೊಂಡಿದ್ದೆ. ಆ ಮೌನವನ್ನು ಅವಳ ಬಾಯಿಗೆ ತುರುಕಿದವಳು ನಾನೆಂದು...

ಪಕ್ಕದ ಬಾಗಿಲಿಗೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಕಿಡ್ನಿಯನ್ನು ನೀರಿನಲ್ಲಿ ಇಡುತ್ತಾರೆಂದೇ ಅವಳಿಗೆ ಗೊತ್ತಿರಲಿಲ್ಲ. ನೆಲದ ಮೇಲೆ ಅವಳ ಎದುರಿಗೆ ಕೂತು ಮತ್ತೆ ಮೊದಲಿನಿಂದ ಹೇಳಿದೆ. ತಣ್ಣಗೆ ಹೆಚ್ಚು ಹೊತ್ತು ಇಟ್ಟಿದ್ದಕ್ಕೋ, ಇಟ್ಟ ದ್ರಾವಣಕ್ಕೋ ಅದು ಮಲಗಿತ್ತು. ಯಾವುದಕ್ಕೆ ಎಂದು ಗೊತ್ತಿಲ್ಲ. ದ್ರಾವಣಕ್ಕಾಗಿದ್ದರೆ ಅದು ನನ್ನ ಸುಳ್ಳಿನಿಂದ. ನಿನ್ನ ಮಾತಿಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ನನಗೆ ಆಗಲೇ ಗೊತ್ತಿತ್ತು, ಹೇಳಲಿಲ್ಲ ಎಂದೆ.

ಅವಳ ಕೈ ಮೊರದಲ್ಲೇ ನಿಂತಿತು.

"ಅಂಗಾರೆ," ಎಂದಳು, "ನನ್ ಬಾಯಿಂದ ಅಲ್ವಾ?"

"ಅಲ್ಲ."

"ಒಸೀನೂ ಅಲ್ವಾ?"

"ಒಂಚೂರೂ ಅಲ್ಲಮ್ಮ."

ಅವಳು ಮೊರವನ್ನು ಕೆಳಗಿಟ್ಟಳು. ನನ್ನನ್ನು ಬೈಯಬಹುದಿತ್ತು, ಬೈಯಲೆಂದು ನಾನು ಕಾದೆ. ಅವಳಿಗೆ ನನ್ನ ನೆನಪೇ ಇದ್ದಂತಿರಲಿಲ್ಲ. ಎದ್ದು ಹಿತ್ತಲ ಬಾಗಿಲಿನಿಂದ ದಾಟಿ ಆ ಮನೆಗೆ ಹೋದಳು. ಗೋಡೆಯಾಚೆ ಪುಟ್ಟತಾಯಮ್ಮನ ಮಗಳ ದನಿ ಕೇಳಿಸಿತು — "ಚಿಕ್ಕವ್ವ, ಜ್ವಾಕೆ, ಈಗ ತಾನೆ ಎದ್ದವ್ನೆ." ಆಮೇಲೆ ಮಗುವಿನೊಂದಿಗೆ ಚಿಕ್ಕಮಾದಮ್ಮ ಮಾತಾಡುತ್ತಿದ್ದದ್ದು. ಅರ್ಥವಿಲ್ಲದ ಮಾತು, ಮಕ್ಕಳೊಂದಿಗೆ ಆಡುವಂಥದು, ನಿಲ್ಲದೆ.

ಈಗ ನಾನು ಕೊಳ್ಳೇಗಾಲದಲ್ಲಿ ಒಂದು ಡಯಾಲಿಸಿಸ್ ಘಟಕದಲ್ಲಿ ಕೆಲಸ ಮಾಡುತ್ತೇನೆ. ನೆಮ್ಮದಿಯಿಂದಿದ್ದೇನೆ, ಇಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಭಾವ ಕೆಲವು ತಿಂಗಳು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ, ಈಗ ಆಡುತ್ತಾರೆ. ಪುಟ್ಟತಾಯಮ್ಮ ಹಬ್ಬಕ್ಕೆ ಕರೆಯುತ್ತಾರೆ, ಆದರೆ ಮೊದಲಿನ ಹಾಗೆ ಕೈ ಹಿಡಿದು ಎಳೆಯುವುದಿಲ್ಲ. ಅದು ಸರಿಯೇ. ಅವರು ಕ್ಷಮಿಸಿದ್ದೇನೆ ಎಂದು ಹೇಳಿಲ್ಲ; ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಆ ದಿನ ಗೋಡೆಯಾಚೆಯ ದನಿ ಕೇಳುತ್ತಾ ಚಿಕ್ಕಮಾದಮ್ಮನ ಮನೆಯ ನೆಲದ ಮೇಲೆ ಒಬ್ಬಳೇ ಬಹಳ ಹೊತ್ತು ಕೂತಿದ್ದೆ. ನನಗೆ ಸಂತೋಷವಾಗಿತ್ತು. ಅಷ್ಟು ಸಂತೋಷಪಡಲು ನನಗೆ ಹಕ್ಕಿಲ್ಲ ಎಂದೂ ಗೊತ್ತಿತ್ತು. ಆ ಹೆಂಗಸು ಅಷ್ಟು ವರ್ಷ ಆಡದೆ ಉಳಿಸಿದ ಮಾತುಗಳನ್ನು ನಾನು ಎಲ್ಲಿಂದ ತಂದುಕೊಡಲಿ.